500 ಅಂದರೆ 500 ಏನು?

ಕೋಲಾರದ ಕಡೆ ಪಹಣಿಯಲ್ಲಿ ವಿಸ್ತೀರ್ಣ 2.20 ಅಂತ ಇದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ ಅಲ್ವಾ, ಹಾಗಾಗಿ ಎರಡೂವರೆ ಎಕರೆ. ಗೊತ್ತಿಲ್ಲದವರು ಅದನ್ನೇ 2.2 ಎಕರೆ ಅಂತ ಲೆಕ್ಕ ಹಾಕಿದರೆ 12 ಗುಂಟೆ ಕೈಬಿಟ್ಟು ಹೋಗುತ್ತದೆ. ಅಂಕಿ ಸರಿಯೇ ಇದೆ. ಅದು ಏನಿನ ಅಂಕಿ ಅನ್ನುವುದು ಪಕ್ಕದಲ್ಲಿಲ್ಲ.

ಕಂಪ್ಯೂಟರಿನ ಡಿಸ್ಕ್, ಪ್ರಿಂಟರ್ ಥರದ ಸಾಧನಗಳನ್ನು ನಡೆಸುವ ಡ್ರೈವರ್ ಕೋಡಿನಲ್ಲೂ ಇದೇ ಗೋಳು. ಲಿನಕ್ಸ್ ಡ್ರೈವರ್ ಒಂದರಲ್ಲಿ, ಎಷ್ಟು ಹೊತ್ತು ಕಾಯಬೇಕು ಅನ್ನುವುದಕ್ಕೆ, ‘ಟೈಮ್‌ಔಟ್ = 500’ ಅಂತ ಇದೆ ಅಂದುಕೊಳ್ಳಿ. ಬರೆದವರ ಮನಸ್ಸಿನಲ್ಲಿ ಮಿಲಿಸೆಕೆಂಡ್. ಆದರೆ ಲಿನಕ್ಸಿನ ತಿರುಳಾದ ಕರ್ನಲ್ಲಿನ ಎಷ್ಟೋ ಫಂಕ್ಷನ್‌ಗಳು ಹೊತ್ತನ್ನು ಎಣಿಸುವುದು ಜಿಫಿಯಲ್ಲಿ, ಅಂದರೆ ಕರ್ನಲ್ ಗಡಿಯಾರದ ಟಿಕ್ಕಿನಲ್ಲಿ. ಸೆಕೆಂಡಿಗೆ ಎಷ್ಟು ಟಿಕ್ ಅನ್ನುವುದು ಕರ್ನಲ್ ಬಿಲ್ಡ್ ಮಾಡುವಾಗಲೇ ತೀರ್ಮಾನವಾಗುತ್ತದೆ: ಸಾಮಾನ್ಯವಾಗಿ 100, 250, 300 ಅಥವಾ 1000. ಸಾವಿರ ಇರುವ ಮೆಷಿನ್ನಿನಲ್ಲಿ ಒಂದು ಜಿಫಿ, ಒಂದು ಮಿಲಿಸೆಕೆಂಡ್ ಎರಡೂ ಒಂದೇ, ಟೆಸ್ಟ್ ಪಾಸಾಗುತ್ತದೆ, ತಪ್ಪು ಕಾಣುವುದೇ ಇಲ್ಲ. ಅದೇ ಕೋಡ್ 250ರ ಮೆಷಿನ್ನಿಗೆ ಹೋದರೆ ಅರ್ಧ ಸೆಕೆಂಡಿನ ಬದಲು ಎರಡು ಸೆಕೆಂಡ್ ಕಾಯುತ್ತದೆ. 100ರಲ್ಲಿ ಐದು ಸೆಕೆಂಡ್!

ಬೋರ್ ಕೊರೆಸಿದವರು ‘ಎರಡು ಬಂತು’ ಅಂದರೆ ಎರಡು ಇಂಚು ನೀರು ಅಂತ ಊರಿಗೆಲ್ಲ ಗೊತ್ತು. ಮಂಡಿಯಲ್ಲಿ ಟೊಮೆಟೊ ‘ಮುನ್ನೂರು’ ಅಂದರೆ ಬಾಕ್ಸಿಗೆ, ಕಿಲೋಗಲ್ಲ. ಅಲ್ಲಿ ಅನುಮಾನ ಬಂದರೆ ಕೇಳಬಹುದು. ಕೋಡ್ ಬರೆದವರು ಕೆಲಸ ಬಿಟ್ಟು ಹತ್ತು ವರ್ಷ ಆಗಿದ್ದರೆ ಯಾರನ್ನು ಕೇಳುವುದು? ಅದಕ್ಕೇ ಅಂಕಿಗೆ ಇಡುವ ಹೆಸರಲ್ಲೇ, ಮಿಲಿಸೆಕೆಂಡ್ ಅಂತ ಗೊತ್ತಾಗುವ ಹಾಗೆ, ‘ಟೈಮ್‌ಔಟ್_ಎಂಎಸ್’ ಅಂತ ಬರೆಯಬೇಕು. ಆಗ ಜಿಫಿ ಕೇಳುವ ಜಾಗಕ್ಕೆ ಅದನ್ನು ನೇರ ಕೊಟ್ಟಿದ್ದರೆ ಓದುವವರ ಕಣ್ಣಿಗೆ ತಟ್ಟನೆ ಬೀಳುತ್ತದೆ.

ಹೆಸರು ಚಿಕ್ಕದಿದ್ದರೆ ಪ್ರೋಗ್ರಾಂ ಜೋರಾಗಿ ಓಡುತ್ತದೆ ಅಂತ ಈಗಲೂ ನಂಬುವವರಿದ್ದಾರೆ. ಇದು ಸುಮ್ನೆ ಮೂಢನಂಬಿಕೆ. ಸಿ ಭಾಷೆಯಲ್ಲಿ ಫಂಕ್ಷನ್ ಒಳಗಿನ ವೇರಿಯೆಬಲ್‌ನ ಹೆಸರು, ಕೋಡನ್ನು ಮೆಷಿನ್ ಭಾಷೆಗೆ ತಿರುಗಿಸುವ ಕಂಪೈಲರ್ ದಾಟಿ ಪ್ರೊಸೆಸರ್‌ವರೆಗೆ ಹೋಗುವುದೇ ಇಲ್ಲ. ಚುಟುಕು ಹೆಸರಿಗೆ ಹಿಂದೆ ಕಾರಣವಿತ್ತು. 1957ರ ಫೋರ್ಟ್ರಾನ್‌ನಲ್ಲಿ ಹೆಸರಿಗೆ ಆರೇ ಅಕ್ಷರ. ಆ ಮಿತಿ ಹೋಗಿ ಎಷ್ಟೋ ಕಾಲವಾಯಿತು, ಅಭ್ಯಾಸ ಮಾತ್ರ ಹೋಗಿಲ್ಲ.

ಎಲ್ಲ ಹೆಸರೂ ಉದ್ದ ಇರಬೇಕು ಅಂತಲ್ಲ. ಮೂರು ಸಾಲಿನ ಲೂಪಿಗೆ ‘ಐ’ ಸಾಕು, ಕರ್ನಲ್ಲಿನವರ ಕೋಡಿಂಗ್ ನಿಯಮವೂ ಅದನ್ನೇ ಹೇಳುತ್ತದೆ. ಆದರೆ ಡಿಸ್ಕ್ ಡ್ರೈವರಿನಲ್ಲಿ ‘ಲೆನ್ = 8’, ಅಂದರೆ ಉದ್ದ ಎಂಟು, ಅಂತ ಕಂಡರೆ ನಾನು ಅಲ್ಲೇ ನಿಂತುಬಿಡುತ್ತೇನೆ. ಎಂಟು ಬೈಟೋ, 512 ಬೈಟಿನ ಎಂಟು ಸೆಕ್ಟರೋ, 4096 ಬೈಟಿನ ಎಂಟು ಪೇಜೋ? ತಿಳಿಯಬೇಕಾದರೆ ಆ ಫಂಕ್ಷನ್ನನ್ನು ಕರೆದಿರುವ ಒಂದೊಂದು ಫೈಲನ್ನೂ ತೆರೆದು ನೋಡಬೇಕು.