ಮಕ್ಕಳ ಏರ್‌ವೇ ಮತ್ತು ಎಲೆಕ್ಟ್ರಾನಿಕ್ ದಾಖಲೆ: ಓದುವಾಗ ಬರೆದುಕೊಂಡದ್ದು

ಮೊದಲು ಒಂದು ಲೆಕ್ಕ. ಹಸುಗೂಸಿನ ಶ್ವಾಸಮಾರ್ಗದ (ಏರ್‌ವೇ) ಇಕ್ಕಟ್ಟಾದ ಜಾಗ ಸುಮಾರು 4 ಮಿ.ಮೀ. ಅಗಲ ಎಂದುಕೊಳ್ಳಿ. ಸುತ್ತಲೂ 1 ಮಿ.ಮೀ. ಊದಿಕೊಂಡರೆ ಉಳಿಯುವುದು 2 ಮಿ.ಮೀ. ಮಾತ್ರ. ತ್ರಿಜ್ಯ ಅರ್ಧವಾದರೆ ಗಾಳಿಗೆ ಆಗುವ ತಡೆ 16 ಪಟ್ಟು. ಮಗು ಅಳುತ್ತಿದ್ದರೆ ಇನ್ನೂ ಜಾಸ್ತಿ. ಅದರ ಮೇಲೆ, ಕೆ.ಜಿ. ಲೆಕ್ಕದಲ್ಲಿ ಮಗುವಿಗೆ ದೊಡ್ಡವರ ಹೆಚ್ಚುಕಡಿಮೆ ಎರಡರಷ್ಟು ಆಮ್ಲಜನಕ ಬೇಕು, ಶ್ವಾಸಕೋಶದಲ್ಲಿ ದಾಸ್ತಾನು ಮಾತ್ರ ಕಡಿಮೆ. ಉಸಿರು ಕಟ್ಟಿದ ಮಗುವಿನ ಮುಂದೆ ನಿಂತಾಗ ಕಂಪ್ಯೂಟರ್ ದಾಖಲೆಯಲ್ಲಿನ ಹಳೆಯ ನೋಟ್‌ಗಳನ್ನು ತಿರುವಿಹಾಕಲು ಪುರುಸೊತ್ತು ಸಿಗುವುದಿಲ್ಲ ಅನ್ನುವುದು ಇದಕ್ಕೇ.

ಇಂಟ್ಯುಬೇಷನ್ (ಬಾಯಿ ಅಥವಾ ಮೂಗಿನ ಮೂಲಕ ಶ್ವಾಸನಾಳಕ್ಕೆ ಟ್ಯೂಬ್ ಇಳಿಸುವುದು) ಕಷ್ಟವಾದ ಮಕ್ಕಳನ್ನು ದಾಖಲಿಸುವ ಬಹುಕೇಂದ್ರ ರಿಜಿಸ್ಟ್ರಿಯೊಂದು 2016ರಲ್ಲಿ 1018 ಮಕ್ಕಳ ವಿವರ ಪ್ರಕಟಿಸಿತು. ಐವರಲ್ಲಿ ಒಬ್ಬರಿಗೆ ಏನಾದರೊಂದು ತೊಡಕಾಗಿತ್ತು. ಪ್ರಯತ್ನ ಎರಡಕ್ಕಿಂತ ಹೆಚ್ಚಾದಲ್ಲಿ ತೊಡಕುಗಳೂ ಹೆಚ್ಚು. ಹಾಗಾದರೆ ಕಳೆದ ಸಲ ಯಾವುದು ಕೈಹಿಡಿಯಿತು ಎಂದು ಗೊತ್ತಿದ್ದು ಮೊದಲ ಪ್ರಯತ್ನಕ್ಕೆ ಇಳಿಯುವುದೇ ದೊಡ್ಡ ಲಾಭ. ಆ ಮಾಹಿತಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಅರಿವಳಿಕೆ ನೋಟ್‌ನ ಒಳಗೆಲ್ಲೋ ಹುದುಗಿರುತ್ತದೆ. ರಾತ್ರಿ ಪಾಳಿಯಲ್ಲಿ ಓಡಿಬಂದವರ ಕಣ್ಣಿಗೆ ಬೀಳುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ನಾಲ್ಕು ವರ್ಷದ ಮಗು. ವಯಸ್ಸನ್ನು 4ರಿಂದ ಭಾಗಿಸಿ 3.5 ಕೂಡಿಸುವ ಸೂತ್ರದಂತೆ ಕಂಪ್ಯೂಟರ್ ಒಳಅಳತೆ 4.5 ಮಿ.ಮೀ. ಇರುವ, ಕಫ್ (ಸುತ್ತ ಗಾಳಿ ತುಂಬುವ ಪಟ್ಟಿ) ಇರುವ ಟ್ಯೂಬ್ ಸೂಚಿಸುತ್ತದೆ. ಗಂಟಲಿನ ಕೆಳಭಾಗ ಕಿರಿದಾಗಿರುವ ಈ ಮಗುವಿಗೆ ಹಿಂದೆ ಹಿಡಿಸಿದ್ದು 3.5. ಪರದೆಯ ಮೇಲೆ ಸೂತ್ರದ ಉತ್ತರ ಮಾತ್ರ ಕಂಡರೆ ತಂತ್ರಾಂಶವೇ ದಾರಿ ತಪ್ಪಿಸಿದಂತೆ.

ಪರದೆಯ ಮೇಲ್ಭಾಗದ ಪಟ್ಟಿಯಲ್ಲಿ ಕೆಂಪಕ್ಷರದಲ್ಲಿ ‘ಡಿಫಿಕಲ್ಟ್ ಏರ್‌ವೇ’ (ಕಷ್ಟದ ಶ್ವಾಸಮಾರ್ಗ) ಎಂದಿದ್ದರೆ ಸಾಕೇ? ನನ್ನ ಪ್ರಕಾರ ಅದು ಅರ್ಧ ಕೆಲಸ. ಹೆದರಿಸುತ್ತದೆ, ದಾರಿ ತೋರಿಸುವುದಿಲ್ಲ. ಅದನ್ನು ಒತ್ತಿದ ಕೂಡಲೇ ಇಷ್ಟು ತೆರೆಯಬೇಕು: ಮಾಸ್ಕ್‌ನಿಂದ ಉಸಿರು ಕೊಡಲು ಆಯಿತೇ, ಗಂಟಲೊಳಗೆ ನೋಡುವ ಉಪಕರಣದ (ಲ್ಯಾರಿಂಗೋಸ್ಕೋಪ್) ಯಾವ ಬ್ಲೇಡ್ ಅಥವಾ ಕ್ಯಾಮೆರಾ ಇರುವ ಯಾವ ವಿಡಿಯೋ ಲ್ಯಾರಿಂಗೋಸ್ಕೋಪ್, ಧ್ವನಿತಂತುಗಳು ಎಷ್ಟು ಕಂಡವು, ಟ್ಯೂಬ್ ಅಳತೆ, ಎಷ್ಟನೇ ಪ್ರಯತ್ನ, ದಿನಾಂಕ. ಮಾಸ್ಕ್‌ನ ಉತ್ತರ ಎಲ್ಲಕ್ಕಿಂತ ಮೊದಲು. ಮಾಸ್ಕ್ ಕೈಕೊಡದಿದ್ದರೆ ಯೋಚಿಸಲು ಸಮಯವಿದೆ. ಅದೂ ಆಗದ ಮಗುವಾದರೆ ತಜ್ಞರನ್ನು ಮೊದಲೇ ಕರೆಸಿಕೊಳ್ಳಬೇಕು.

ಟ್ರೇಕಿಯಾಸ್ಟಮಿ (ಉಸಿರಾಡಲು ಕತ್ತಿನಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕಿರುವುದು) ಇರುವ ಮಗುವಿಗೆ ಇನ್ನೊಂದು ಪ್ರಶ್ನೆ ಕಡ್ಡಾಯ: ಟ್ಯೂಬ್ ಕಳಚಿಬಿದ್ದರೆ ಬಾಯಿ-ಮೂಗಿನ ಕಡೆಯಿಂದ ಗಾಳಿ ಹೋಗುತ್ತದೆಯೇ? ಇದನ್ನು ತಪ್ಪಾಗಿ ತುಂಬಿದರೆ ಖಾಲಿ ಬಿಟ್ಟದ್ದಕ್ಕಿಂತ ಅಪಾಯ.

ಎಲ್ಲರಿಗೂ ಎಚ್ಚರಿಕೆ ಹಚ್ಚಿದರೆ ಯಾರೂ ಓದುವುದಿಲ್ಲ. ಪಾಪ್‌ಅಪ್ ಬಂದ ತಕ್ಷಣ ‘ಸರಿ’ ಒತ್ತಿ ಮುಂದೆ ಹೋಗುವ ಅಭ್ಯಾಸ ನಮಗೆಲ್ಲ ಇದ್ದದ್ದೇ. ಅದಕ್ಕೇ ಎಚ್ಚರಿಕೆ ಹಚ್ಚುವವರು ಯಾರು, ಮಗು ಬೆಳೆದು ಅಥವಾ ಶಸ್ತ್ರಚಿಕಿತ್ಸೆಯಾಗಿ ಮಾರ್ಗ ಸರಿಯಾದ ಮೇಲೆ ತೆಗೆಯುವವರು ಯಾರು ಎಂಬುದು ಮೊದಲೇ ನಿರ್ಧಾರವಾಗಿರಬೇಕು. ತೂಕ ನಮೂದಿಸುವ ಕಡೆ ಕೆ.ಜಿ. ಬಿಟ್ಟು ಬೇರೆ ಘಟಕವೇ ಇರಬಾರದು.

ಸರ್ವರ್ ಕೈಕೊಟ್ಟ ದಿನಕ್ಕೂ ಒಂದು ಏರ್ಪಾಡು ಬೇಕು. ಮಂಚದ ತಲೆಯ ಬಳಿ ಅದೇ ವಿವರದ ಮುದ್ರಿತ ಹಾಳೆ, ಪಕ್ಕದಲ್ಲೇ ಮಗುವಿನ ಅಳತೆಯ ಟ್ಯೂಬ್ ಒಂದು, ಅದಕ್ಕಿಂತ ಅರ್ಧ ಮಿ.ಮೀ. ಸಣ್ಣದು ಇನ್ನೊಂದು.