ಹಿರಿಯರು ಉಸಿರನ್ನು ಖರ್ಚು ಮಾಡುವ ಬಗೆ

ಶ್ರಾವಣದಿಂದ ನವರಾತ್ರಿಯವರೆಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಕರ್ನಾಟಕ ಸಂಗೀತದ ಕಛೇರಿಗಳಿಗೆ ಮೃದಂಗ ಹೊತ್ತು ತಿರುಗುವುದು ನನ್ನ ವೃತ್ತಿ. ಇಪ್ಪತ್ತೈದರ ಗಾಯಕರಿಗೂ ನುಡಿಸುತ್ತೇನೆ, ಎಪ್ಪತ್ತು ದಾಟಿದ ವಿದ್ವಾಂಸರಿಗೂ ನುಡಿಸುತ್ತೇನೆ. ಕಂಠಬಲದಲ್ಲಿ ಎಳೆಯರದೇ ಮೇಲುಗೈ. ಆದರೂ ಮಂಗಳದವರೆಗೆ ಸಭೆಯನ್ನು ಕೂರಿಸುವ ಕಲೆ ಹಿರಿಯರಲ್ಲಿ ಹೆಚ್ಚು. ಇರುವ ಉಸಿರನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಎಂಬ ಲೆಕ್ಕ ಅವರಿಗೆ ಕರಗತ. ಅದನ್ನು ಕಲಿಯಲು ವಯಸ್ಸಾಗುವವರೆಗೆ ಕಾಯಬೇಕಿಲ್ಲ.

ಲೆಕ್ಕ ಶುರುವಾಗುವುದು ಶ್ರುತಿಯಿಂದ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರದ ಎತ್ತರದಿಂದ. ವಯಸ್ಸಾದಂತೆ ಶ್ವಾಸಕೋಶದ ಕಸುವು ಕುಗ್ಗುತ್ತದೆ, ಧ್ವನಿತಂತುಗಳ ಬಿಗುವು ಸಡಿಲವಾಗುತ್ತದೆ. ಅನುಭವಿಗಳು ಇದನ್ನು ಮುಚ್ಚಿಡುವುದಿಲ್ಲ. ಶ್ರುತಿಯನ್ನು ಅರ್ಧ ಮನೆ, ಅಂದರೆ ಒಂದು ಸಣ್ಣ ಹಂತ, ಇಳಿಸಿದ್ದೇನೆ ಎಂದು ಮೊದಲೇ ಫೋನ್ ಮಾಡಿ ತಿಳಿಸುತ್ತಾರೆ. ಒಂದೇ ಮೃದಂಗವನ್ನು ಬೇಕಾದಷ್ಟು ಇಳಿಸಲು ಬರುವುದಿಲ್ಲ. ತಗ್ಗು ಶ್ರುತಿಗೆ ದೊಡ್ಡ ವಾದ್ಯವೇ ಬೇಕು. ಮಲೆನಾಡಿನ ಮಳೆಗಾಲದಲ್ಲಂತೂ ಥಂಡಿಗೆ ಚರ್ಮ ಸಡಿಲಗೊಂಡು ಶ್ರುತಿ ತಾನಾಗಿಯೇ ಜಾರುತ್ತಿರುತ್ತದೆ. ಆ ಒಂದು ಫೋನ್ ಕರೆಯಿಂದ ಇಡೀ ಸಂಜೆ ನೆಮ್ಮದಿಯಾಗುತ್ತದೆ. ಎಳೆಯರು ಅನೇಕರು ವೇದಿಕೆಯ ಮೇಲೆ ತಂಬೂರಿ ಹಚ್ಚಿದ ಮೇಲೆ ಹೇಳುತ್ತಾರೆ.

ಇನ್ನು ಹಾಡುವಾಗ ನೋಡಬೇಕು. ಎಪ್ಪತ್ತರ ಮೇಲಿನ ಒಬ್ಬ ವಿದ್ವಾಂಸರಿಗೆ ನಾನು ಹಲವು ಬಾರಿ ನುಡಿಸಿದ್ದೇನೆ. ನೆರವಲ್‌ನಲ್ಲಿ, ಅಂದರೆ ಸಾಹಿತ್ಯದ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವಾಗ, ಅವರು ತಾರ ಷಡ್ಜಕ್ಕೆ, ಮೇಲಿನ ಸ್ಥಾಯಿಯ ‘ಸ’ಕ್ಕೆ, ನೇರವಾಗಿ ಏರುವುದಿಲ್ಲ. ಅದರ ಕೆಳಗಿನ ಧೈವತ, ನಿಷಾದಗಳ ಸುತ್ತ ಸಾಲನ್ನು ತಾಳದ ಎರಡು ಮೂರು ಆವರ್ತ ಬೆಳೆಸುತ್ತಾರೆ. ಪ್ರತಿ ಸಲ ನಿಷಾದ ಮುಟ್ಟಿ ಹಿಂದಿರುಗುತ್ತಾರೆ. ಕೇಳುಗರ ಕಿವಿ ಅಷ್ಟರಲ್ಲಿ ಷಡ್ಜಕ್ಕಾಗಿ ಹಾತೊರೆಯುತ್ತಿರುತ್ತದೆ. ಆಮೇಲೆ ಒಮ್ಮೆ, ಒಂದೆರಡು ಅಕ್ಷರಕಾಲ ಮಾತ್ರ, ಅಲ್ಲಿ ನಿಂತು ಕೆಳಗಿಳಿಯುತ್ತಾರೆ. ಅಲ್ಲಿ ನನಗೆ ಭರ್ಜರಿ ನಡೆ ಬೇಡ, ಎಡಗೈಯ ಒಂದೆರಡು ಗುಮ್ಕಿ, ಆ ತೇಲುವ ತಗ್ಗು ನಾದ, ಸಾಕು. ತಾರ ಷಡ್ಜದಲ್ಲಿ ಅರ್ಧ ನಿಮಿಷ ನಿಲ್ಲಬಲ್ಲ ಕಂಠವಿರುವ ಹುಡುಗರು ಮೊದಲ ಕೀರ್ತನೆಯಲ್ಲೇ ಮೂರು ಸಲ ಅಲ್ಲಿಗೆ ಹೋಗಿಬಂದಿರುತ್ತಾರೆ. ಪ್ರಧಾನ ಕೃತಿಯ ಹೊತ್ತಿಗೆ ಆ ಸ್ವರಕ್ಕೆ ಬೆಲೆಯೇ ಉಳಿದಿರುವುದಿಲ್ಲ.

ಪಿಟೀಲಿನವರ ಸರದಿ ಬಂದಾಗ ಅದೇ ವಿದ್ವಾಂಸರು ತುಟಿ ಮುಚ್ಚಿ ಕೇಳುತ್ತಾರೆ, ಬಿಸಿನೀರು ಗುಟುಕರಿಸುತ್ತಾರೆ. ಗಂಟಲಿಗೆ ವಿಶ್ರಾಂತಿ, ಪಕ್ಕವಾದ್ಯಕ್ಕೆ ಗೌರವ, ಎರಡೂ ಒಟ್ಟಿಗೇ ಆಗುತ್ತದೆ. ಈ ವಿದ್ಯೆಗೆ ನಮ್ಮಲ್ಲೇ ಒಳ್ಳೆಯ ಮಾದರಿಯಿದೆ. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಊರು. ಗಮಕದಲ್ಲಿ ವಾಚನವಾದ ಮೇಲೆ ವ್ಯಾಖ್ಯಾನ, ಅದಾದ ಮೇಲೆ ಮತ್ತೆ ವಾಚನ. ವ್ಯಾಖ್ಯಾನಕಾರರು ಅರ್ಥ ಬಿಡಿಸುವಷ್ಟು ಹೊತ್ತು ವಾಚಕರ ಕಂಠ ದಣಿವಾರಿಸಿಕೊಳ್ಳುತ್ತದೆ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಂಬತ್ತು ದಾಟಿತ್ತು.

ಸಾಹಿತ್ಯದ ಮಾತನ್ನೂ ಹೇಳಲೇಬೇಕು. 1920ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡ ಗಾಯಕ ಆರ್.ಕೆ. ಶ್ರೀಕಂಠನ್ ತೊಂಬತ್ತರ ನಂತರವೂ ವೇದಿಕೆಯಲ್ಲಿ ಹಾಡಿದವರು. ಅವರ ಹಾಡಿಕೆಯಲ್ಲಿ ಪದಗಳು ಒಡೆಯುತ್ತಿರಲಿಲ್ಲ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದನ್ನು ಪದಚ್ಛೇದವೇ ಹೇಳಿಕೊಡುತ್ತದೆ. ಅರ್ಥ ತಿಳಿಯದೆ ಬಾಯಿಪಾಠ ಮಾಡಿದವರಿಗೆ ಆ ತಾಣ ಸಿಗುವುದಿಲ್ಲ, ಪದದ ನಡುವೆಯೇ ಉಸಿರು ಕಟ್ಟುತ್ತದೆ.

ಧ್ವನಿವರ್ಧಕದ ವಿಷಯದಲ್ಲಿ ನನಗೆ ಬೇಸರವೇ ಇದೆ. ವೇದಿಕೆಯಲ್ಲಿ ಶಬ್ದ ಹೆಚ್ಚಿಸಿದಷ್ಟೂ ಒಳ್ಳೆಯದೆಂಬ ಭ್ರಮೆ ಎಲ್ಲೆಡೆ ಹಬ್ಬಿದೆ. ವಯಸ್ಸಿನಲ್ಲಿ ಮೊದಲು ಮಂದವಾಗುವುದು ಏರು ಕಂಪನದ ಶಬ್ದಗಳನ್ನು ಗ್ರಹಿಸುವ ಶಕ್ತಿ. ಅದಕ್ಕೇ ತಿಳಿದ ಹಿರಿಯರು ಮಾನಿಟರ್ ಸ್ಪೀಕರ್‌ನಲ್ಲಿ ಗದ್ದಲ ಕೇಳುವುದಿಲ್ಲ, ತಂಬೂರಿ ಸ್ಪಷ್ಟವಾಗಿರಲಿ ಎನ್ನುತ್ತಾರೆ. ತನ್ನ ಧ್ವನಿಯನ್ನೇ ಜೋರಾಗಿ ಕೇಳಿಸಿಕೊಳ್ಳುವ ಗಾಯಕ ಶ್ರುತಿ ಬಿಟ್ಟದ್ದು ಅವನಿಗೇ ತಿಳಿಯುವುದಿಲ್ಲ.

ಎಲ್ಲ ಹಿರಿಯರೂ ಹೀಗೆ ಎನ್ನಲಾರೆ. ಹರೆಯದ ದಿನಗಳ ವೇಗವನ್ನೇ ಹಠ ಹಿಡಿದು ಮುಖ್ಯ ಕೃತಿಗೆ ಮೊದಲೇ ದಣಿದವರನ್ನೂ ನೋಡಿದ್ದೇನೆ. ಕಲಿಯಬೇಕಾದದ್ದು ಕಾಲಪ್ರಮಾಣ ಇಳಿಸಿಯೂ ಬಿಗಿ ಬಿಡದವರಿಂದ. ನಿಧಾನದ ಕಾಲದಲ್ಲಿ ತಾಳ ಹಿಡಿಯುವುದು ವೇಗಕ್ಕಿಂತ ಕಷ್ಟ, ಎರಡು ಪೆಟ್ಟುಗಳ ನಡುವಿನ ಅಂತರದಲ್ಲಿ ತಪ್ಪು ಅಡಗಲು ಜಾಗವಿರುವುದಿಲ್ಲ.

ನನ್ನ ಬಳಿ ಅಭ್ಯಾಸಕ್ಕೆ ಬರುವ ಗಾಯಕರಿಗೆ ಒಂದು ಕೆಲಸ ಕೊಡುತ್ತೇನೆ. ಕಛೇರಿಗೆ ಆರಿಸಿದ ಮುಖ್ಯ ಕೃತಿಯನ್ನು ಒಮ್ಮೆ ಅರ್ಧ ಧ್ವನಿಯಲ್ಲಿ, ನಿಧಾನವಾದ ಚೌಕಕಾಲದಲ್ಲಿ, ತಾರಸ್ಥಾಯಿಯ ಸಂಗತಿಗಳನ್ನು, ಅಂದರೆ ಸಾಲನ್ನು ಬದಲಿಸಿ ಹಾಡುವ ಬಗೆಗಳನ್ನು, ಬಿಟ್ಟು ಹಾಡಬೇಕು. ಅಷ್ಟರಲ್ಲಿ ರಾಗ ಎದ್ದು ನಿಂತರೆ ಬಿಟ್ಟ ಸಂಗತಿಗಳನ್ನು ಒಂದೊಂದಾಗಿ ಮರಳಿ ಸೇರಿಸಬಹುದು. ನಿಲ್ಲದಿದ್ದರೆ ಆ ಕೃತಿಯನ್ನು ಈ ಸಲದ ಪಟ್ಟಿಯಿಂದ ತೆಗೆಯಿರಿ ಎನ್ನುತ್ತೇನೆ.