ನೀರಿಗಿಳಿಯದವರಿಗೆ ಇಂಗ್ಲೆಂಡಿನ ಕಡಲ ತೀರದಲ್ಲಿ ಏನಿದೆ?

ಓದುಗರ ಪ್ರಶ್ನೆ: ಆಗಸ್ಟ್ ತಿಂಗಳಲ್ಲಿ ನಾವಿಬ್ಬರೂ ಲೀಡ್ಸ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಮಗಳು, ಅಳಿಯ ಮೂರು ದಿನ ಯಾರ್ಕ್‌ಶೈರ್‌ನ ಸಮುದ್ರ ತೀರಕ್ಕೆ ಕರೆದೊಯ್ಯುವ ಯೋಚನೆಯಲ್ಲಿದ್ದಾರೆ. ನಾವು ಹುಟ್ಟಿ ಬೆಳೆದದ್ದೇ ಕುಂದಾಪುರದ ಕಡಲ ಮಗ್ಗುಲಲ್ಲಿ. ಯಾರ್ಕ್‌ಶೈರ್‌ನ ಕಡಲ ನೀರು ಇಳಿಯಲಾಗದಷ್ಟು ತಣ್ಣಗಿರುತ್ತದೆ, ಬಿಸಿಲನ್ನೂ ನೆಚ್ಚುವಂತಿಲ್ಲ ಎಂದು ಕೇಳಿದ್ದೇವೆ. ಹಾಗಿದ್ದ ಮೇಲೆ ಅಲ್ಲಿಗೆ ಹೋಗಿ ನೋಡುವುದೇನು, ಮಾಡುವುದೇನು? ನಾವು ಸಸ್ಯಾಹಾರಿಗಳು, ನನಗೆ ಮಂಡಿನೋವೂ ಇದೆ.

ಉತ್ತರ: ಬೇಸಿಗೆಯಲ್ಲಿ ಊರಿನಿಂದ ತಂದೆತಾಯಿ ಬಂದಾಗಲೆಲ್ಲ ಇಂಗ್ಲೆಂಡಿನ ಕನ್ನಡಿಗರ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ನೀವು ಕೇಳಿದ್ದು ನಿಜ. ಆಗಸ್ಟ್‌ನಲ್ಲಿಯೂ ಆ ತೀರದ ನೀರಿನ ಉಷ್ಣತೆ 14–15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮ್ಮ ಕರಾವಳಿಯ ನೀರಿನಂತೆ ಮೈ ಒಡ್ಡಿ ನಿಲ್ಲಲು ಬರುವುದಿಲ್ಲ. ಆದರೆ ಆ ತೀರದ ಸೊಗಸು ಇರುವುದು ನೀರಿನಲ್ಲಿ ಅಲ್ಲ, ನೀರು ಹಿಂದೆ ಸರಿದಾಗ ಬಿಟ್ಟುಹೋಗುವ ನೆಲದಲ್ಲಿ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಮೂರು ದಿನ ಸಾಲುವುದಿಲ್ಲ.

ಉಬ್ಬರವಿಳಿತ ನಿಮಗೆ ಹೊಸದಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸಮಯದಲ್ಲಿಯೂ ನೀರು ಏರಿ ಇಳಿಯುವುದು ಒಂದೂವರೆ ಮೀಟರಿನ ಆಸುಪಾಸು ಮಾತ್ರ. ಯಾರ್ಕ್‌ಶೈರ್ ತೀರದ ವಿಟ್ಬಿ ಎಂಬ ಊರಿನಲ್ಲಿ ಅದೇ ದಿನಗಳಲ್ಲಿ ಅದು ಐದು ಮೀಟರಿಗೆ ಹತ್ತಿರ. ಅಟ್ಲಾಂಟಿಕ್ ಸಾಗರದ ಉಬ್ಬರವು ಸ್ಕಾಟ್ಲೆಂಡಿನ ಉತ್ತರವನ್ನು ಬಳಸಿ ಆಳವಿಲ್ಲದ ಉತ್ತರ ಸಮುದ್ರಕ್ಕೆ ನುಗ್ಗಿ, ಬ್ರಿಟನ್ನಿನ ಪೂರ್ವ ತೀರದ ಗುಂಟ ದಕ್ಷಿಣಕ್ಕೆ ಸಾಗುತ್ತದೆ. ಬೆಳಗ್ಗೆ ಗೋಡೆಗೆ ಬಡಿಯುತ್ತಿದ್ದ ನೀರು ಆರು ಗಂಟೆ ಕಳೆಯುವಷ್ಟರಲ್ಲಿ ಬಹುದೂರ ಸರಿದು, ಮರಳನ್ನೂ ಬಂಡೆಯ ಹಾಸುಗಳನ್ನೂ ಹೊರಗೆ ತೋರುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ; ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ ಹೊರಡುವ ಮೊದಲೇ ಮಗಳಿಗೆ ಆ ಮೂರು ದಿನಗಳ ಉಬ್ಬರವಿಳಿತದ ವೇಳಾಪಟ್ಟಿ ನೋಡಿಡಲು ಹೇಳಿ. ಕೆಲವು ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ; ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕು.

ಮೊದಲ ದಿನ ಸ್ಕಾರ್‌ಬರೊ ಸಾಕು. ರಜೆಗೆಂದು ಕಡಲಿಗೆ ಹೋಗುವ ಇಂಗ್ಲಿಷರ ರೂಢಿ ಬೆಳೆದ ಮೊದಲ ಊರುಗಳಲ್ಲಿ ಇದೂ ಒಂದು, ಮತ್ತು ಅದು ಶುರುವಾದದ್ದು ಸುಖಕ್ಕಾಗಿ ಅಲ್ಲ, ಔಷಧಕ್ಕಾಗಿ. 1626ರ ಸುಮಾರಿಗೆ ಎಲಿಜಬೆತ್ ಫ್ಯಾರೋ ಎಂಬಾಕೆ ಇಲ್ಲಿಯ ಕಡಿದಾದ ದಿಬ್ಬದ ಬುಡದಲ್ಲಿ ಜಿನುಗುತ್ತಿದ್ದ ನೀರು ಕಲ್ಲುಗಳಿಗೆ ಕೆಂಗಂದು ಬಣ್ಣ ಹಿಡಿಸುವುದನ್ನು ಕಂಡಳು. ಆ ಕಹಿ ನೀರು ರೋಗ ಕಳೆಯುತ್ತದೆ ಎಂಬ ಸುದ್ದಿ ಹಬ್ಬಿ ಉಳ್ಳವರು ಬರತೊಡಗಿದರು. ಮುಂದೆ ವೈದ್ಯರು ಸಮುದ್ರಸ್ನಾನವನ್ನೂ ಪಥ್ಯದಂತೆ ವಿಧಿಸಿದರು. ಮರ್ಯಾದೆ ಕೆಡದಂತೆ ನೀರಿನವರೆಗೆ ಒಯ್ಯುವ ಗಾಲಿಯ ಗೂಡುಗಳು 1735ರ ಇಲ್ಲಿಯ ಒಂದು ಚಿತ್ರದಲ್ಲಿಯೇ ಕಾಣುತ್ತವೆ. 1845ರಲ್ಲಿ ರೈಲು ಬಂತು, 1871ರಲ್ಲಿ ಬ್ಯಾಂಕ್ ರಜಾದಿನಗಳ, ಎಂದರೆ ಸಾರ್ವಜನಿಕ ರಜೆಗಳ, ಕಾಯಿದೆ ಬಂತು, 1938ರಲ್ಲಿ ಸಂಬಳ ಸಹಿತ ರಜೆಯ ಕಾಯಿದೆ ಬಂತು. ಗಿರಣಿ ಮತ್ತು ಗಣಿಗಳ ಕೆಲಸಗಾರರು ಸಂಸಾರ ಸಮೇತ ಬರುವಂತಾಯಿತು. ಇಂದು ಅಲ್ಲಿ ಗಾಳಿ ತಡೆಯಲು ಬಟ್ಟೆಯ ಪರದೆ ನೆಟ್ಟು, ಸ್ವೆಟರ್ ತೊಟ್ಟು, ಫ್ಲಾಸ್ಕಿನ ಚಹಾ ಕುಡಿಯುತ್ತ ಕಡಲಿಗೆ ಮುಖ ಮಾಡಿ ಕುಳಿತ ವೃದ್ಧ ದಂಪತಿಗಳನ್ನು ನೀವು ಕಾಣುವಿರಿ. ಅವರ ಪಕ್ಕದಲ್ಲಿ ಒಂದು ಗಂಟೆ ಹಾಗೆಯೇ ಕುಳಿತು ನೋಡಿ ಎಂಬುದು ನನ್ನ ಸಲಹೆ. ಏನನ್ನೂ ಮಾಡದೆ ಕಡಲನ್ನು ನೋಡುವುದು ಅವರಿಗೆ ತಲೆಮಾರುಗಳಿಂದ ಬಂದ ಅಭ್ಯಾಸ.

ನಿಮ್ಮ ಮಂಡಿಗೆ ಸ್ಕಾರ್‌ಬರೊದಲ್ಲಿ ತೊಂದರೆಯಿಲ್ಲ. ಊರು ದಿಬ್ಬದ ಮೇಲೆ, ಮರಳು ಕೆಳಗೆ. ಎರಡರ ನಡುವೆ ಇಳಿಜಾರಿನ ಹಳಿಯ ಮೇಲೆ ಓಡಾಡುವ ಪುಟ್ಟ ಗಾಡಿಗಳಿವೆ. ಒಂದು ಮೇಲೇರುವಾಗ ಇನ್ನೊಂದು ಕೆಳಗಿಳಿದು ಭಾರ ಸರಿದೂಗಿಸುವ ಈ ಬಗೆಯ ಗಾಡಿ ಬ್ರಿಟನ್ನಿನಲ್ಲಿ ಮೊದಲು ಓಡಿದ್ದು ಇಲ್ಲಿಯೇ, 1875ರಲ್ಲಿ. ಕೆಳಗೆ ಮಕ್ಕಳಿಗೆ ಕತ್ತೆ ಸವಾರಿ, ನಾಣ್ಯ ಹಾಕುವ ಆಟದ ಯಂತ್ರಗಳು ಇವೆ. ಮೊಮ್ಮಕ್ಕಳಿದ್ದರೆ ಸರಿ, ಇಲ್ಲದಿದ್ದರೆ ಹಾದುಹೋಗಬಹುದು. ಎರಡು ಕೊಲ್ಲಿಗಳನ್ನು ಬೇರ್ಪಡಿಸುವ ಭೂಶಿರದ ಮೇಲೆ ಕೋಟೆಯಿದೆ. ಅದರ ಕೆಳಗಿನ ಸೇಂಟ್ ಮೇರಿ ಚರ್ಚಿನ ಬಳಿ, 1849ರಲ್ಲಿ ಗಾಳಿ ಬದಲಾವಣೆಗೆಂದು ಬಂದು ಇಲ್ಲಿಯೇ ತೀರಿಕೊಂಡ ಕಾದಂಬರಿಕಾರ್ತಿ ಆ್ಯನ್ ಬ್ರಾಂಟಿಯ ಸಮಾಧಿಯಿದೆ.

ವಿಟ್ಬಿಗೆ ಮಾತ್ರ ಇಡೀ ಒಂದು ದಿನ ಕೊಡಬೇಕು. ಎಸ್ಕ್ ನದಿ ಕಡಲು ಸೇರುವ ಅಳಿವೆಯ ಎರಡೂ ದಂಡೆಗಳ ಮೇಲೆ ಹತ್ತಿ ನಿಂತ ಮೀನುಗಾರರ ಊರು ಅದು. ಗಂಗೊಳ್ಳಿಯ ಅಳಿವೆಯನ್ನು ಕಂಡ ನಿಮಗೆ ಇಕ್ಕಟ್ಟಿನ ಬಂದರು, ಬಲೆ, ದೋಣಿ, ಮೀನಿನ ವಾಸನೆ ಯಾವುದೂ ಪರಕೀಯವೆನಿಸದು. ಪೂರ್ವದ ದಿಬ್ಬದ ತುದಿಯಲ್ಲಿ ಸೂರಿಲ್ಲದ ಆಬಿ, ಎಂದರೆ ಕ್ರೈಸ್ತ ಸನ್ಯಾಸಿಗಳ ಮಠ, ಆಕಾಶಕ್ಕೆ ಬೆನ್ನು ಕೊಟ್ಟು ನಿಂತಿದೆ. ಊರಿನಿಂದ ಅಲ್ಲಿಗೆ 199 ಮೆಟ್ಟಿಲು. ನೀವು ಹತ್ತುವುದು ಬೇಡ. ಹಿಂಬದಿಯ ರಸ್ತೆಯಲ್ಲಿ ಕಾರು ಆಬಿಯ ಹತ್ತಿರದವರೆಗೂ ಹೋಗುತ್ತದೆ.

ಈಗ ಕಾಣುವ ಗೋಡೆಗಳು ಹೆಚ್ಚಾಗಿ 13ನೆಯ ಶತಮಾನದವು. ಮಠ ಅದಕ್ಕಿಂತ ಬಹಳ ಹಳೆಯದು: 657ರಲ್ಲಿ ಅದನ್ನು ಕಟ್ಟಿ ಆಳಿದವಳು ಹಿಲ್ಡ ಎಂಬ ಸನ್ಯಾಸಿನಿ, ಮತ್ತು ಅಲ್ಲಿ ಗಂಡಸರೂ ಹೆಂಗಸರೂ ಅವಳ ಅಧಿಕಾರದಲ್ಲಿದ್ದರು. 664ರಲ್ಲಿ ಅಲ್ಲಿ ಸೇರಿದ ಸಭೆಯ ಮುಖ್ಯ ಚರ್ಚೆ, ಈಸ್ಟರ್ ಹಬ್ಬವನ್ನು ಯಾವ ಲೆಕ್ಕದ ಪ್ರಕಾರ ಆಚರಿಸಬೇಕು ಎಂಬುದಾಗಿತ್ತು. ರಾಜ ಓಸ್ವಿಯು ಒಂದು ಪಂಥದ ಲೆಕ್ಕ ಹಿಡಿದು ಹಬ್ಬದೂಟ ಮಾಡುತ್ತಿದ್ದ ದಿನ, ರಾಣಿ ಇನ್ನೊಂದು ಪಂಥದ ಲೆಕ್ಕದಂತೆ ಇನ್ನೂ ಉಪವಾಸದ ದಿನಗಳಲ್ಲಿ ಇರುತ್ತಿದ್ದಳೆಂದು ಆ ಕಾಲಕ್ಕೆ ಸಮೀಪದ ಇತಿಹಾಸಕಾರ ಬೀಡ್ ಬರೆದಿದ್ದಾನೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಏಕಾದಶಿ ಬೇರೆ ಬೇರೆ ದಿನ ಬರುವುದನ್ನು ಕಂಡು ಬೆಳೆದ ನಮಗೆ ಈ ವಿವಾದ ಎಷ್ಟು ಗಂಭೀರವಾದದ್ದೆಂದು ಯಾರೂ ವಿವರಿಸಬೇಕಿಲ್ಲ. ಸಭೆ ರೋಮಿನ ಲೆಕ್ಕವನ್ನು ಒಪ್ಪಿತು. ಇಂಗ್ಲೆಂಡಿನ ಚರ್ಚು ಹಿಡಿದ ದಾರಿಗೆ ಅದು ತಿರುವಾಯಿತು. ಇದೇ ಮಠದಲ್ಲಿ ದನ ಕಾಯುತ್ತಿದ್ದ ಕ್ಯಾಡ್ಮನ್, ಹೆಸರು ಉಳಿದು ಬಂದ ಇಂಗ್ಲಿಷ್ ಕವಿಗಳಲ್ಲಿ ಮೊದಲಿಗ.

ಹಿಲ್ಡಳ ಹೆಸರಿಗೆ ಅಂಟಿಕೊಂಡ ಒಂದು ಐತಿಹ್ಯವೇ ನಿಮ್ಮನ್ನು ಅಲ್ಲಿಗೆ ಕಳುಹಿಸಲು ನನಗಿರುವ ದೊಡ್ಡ ಕಾರಣ. ಮಠ ಕಟ್ಟುವ ಜಾಗದಲ್ಲಿ ತುಂಬಿದ್ದ ಹಾವುಗಳನ್ನು ಅವಳು ಪ್ರಾರ್ಥನೆಯ ಬಲದಿಂದ ಕಲ್ಲು ಮಾಡಿದಳಂತೆ. ಸುರುಳಿ ಸುತ್ತಿದ ಆ ಕಲ್ಲುಗಳು ಇಂದಿಗೂ ತೀರದಲ್ಲಿ ಸಿಗುತ್ತವೆ. ಅವುಗಳಿಗೆ ತಲೆ ಇರದದ್ದನ್ನು ಕಂಡು, ಹಿಂದೆ ವ್ಯಾಪಾರಿಗಳು ಹಾವಿನ ಹೆಡೆ ಕೆತ್ತಿ ಮಾರುತ್ತಿದ್ದರು. ವಾಸ್ತವದಲ್ಲಿ ಅವು ಅಮೊನೈಟ್‌ಗಳು: ಜುರಾಸಿಕ್ ಕಾಲದ ಸಮುದ್ರದಲ್ಲಿ, ಸುಮಾರು 18 ಕೋಟಿ ವರ್ಷಗಳ ಹಿಂದೆ ಈಜಾಡುತ್ತಿದ್ದ, ಸುರುಳಿ ಚಿಪ್ಪಿನ ಪ್ರಾಣಿಗಳ ಪಳೆಯುಳಿಕೆಗಳು. ಒಂದು ಬಗೆಗೆ ವಿಜ್ಞಾನಿಗಳು ಹಿಲ್ಡಳ ಹೆಸರಿನಿಂದಲೇ ಹಿಲ್ಡೊಸೆರಾಸ್ ಎಂದು ಕರೆದಿದ್ದಾರೆ. ನೇಪಾಳದ ಗಂಡಕಿ ನದಿಯಿಂದ ಬಂದು ನಮ್ಮ ದೇವರ ಪೆಟ್ಟಿಗೆಗಳಲ್ಲಿ ಕುಳಿತಿರುವ ಸಾಲಿಗ್ರಾಮ ಶಿಲೆಗಳಲ್ಲಿ ಕಾಣುವ ಚಕ್ರವೂ ಇದೇ ಬಳಗದ ಜೀವಿಯ ಗುರುತು. ಅಲ್ಲಿ ಸಂತಳು ಶಿಲೆಯಾಗಿಸಿದ ಹಾವು, ಇಲ್ಲಿ ವಿಷ್ಣುವಿನ ಚಕ್ರ! ಸಾಲಿಗ್ರಾಮಕ್ಕೆ ದಿನವೂ ಅಭಿಷೇಕ ನಡೆಯುವ ಮನೆಯಲ್ಲಿ ಬೆಳೆದವನಾದ ನನಗೆ, ಆ ಬೂದು ಮರಳಿನ ಮೇಲೆ ಮೊದಲ ಬಾರಿಗೆ ಅಂಥ ಸುರುಳಿಯೊಂದು ಕೈಗೆ ಸಿಕ್ಕಾಗ ಮಾತು ಹೊರಡಲಿಲ್ಲ. ತೀರದಲ್ಲಿ ಬಿಡಿಯಾಗಿ ಬಿದ್ದ ಕಲ್ಲುಗಳ ನಡುವೆ ಮಾತ್ರ ಹುಡುಕಿ. ಕಡಿದಾದ ದಂಡೆಯ ಬುಡಕ್ಕೆ ಹೋಗಬೇಡಿ, ಅಲ್ಲಿ ಮಣ್ಣೂ ಕಲ್ಲೂ ಸೂಚನೆಯಿಲ್ಲದೆ ಕುಸಿಯುತ್ತವೆ. ಬಗ್ಗಿ ಹುಡುಕಲಾಗದಿದ್ದರೆ ಪ್ಯಾನೆಟ್ ಪಾರ್ಕಿನ ವಿಟ್ಬಿ ವಸ್ತುಸಂಗ್ರಹಾಲಯದಲ್ಲಿ ಅವುಗಳನ್ನು ನೋಡಬಹುದು. ಅಂಗಡಿಗಳಲ್ಲಿ ಕಾಣುವ ಕಪ್ಪು ಆಭರಣಗಳು ಜೆಟ್ ಎಂಬ ವಸ್ತುವಿನವು; ಅದೂ ಅದೇ ಯುಗದ ಮರ ಕೊಳೆತು, ಒತ್ತಡಕ್ಕೆ ಸಿಕ್ಕಿ ಆದದ್ದು. 1861ರಲ್ಲಿ ಗಂಡನನ್ನು ಕಳೆದುಕೊಂಡ ರಾಣಿ ವಿಕ್ಟೋರಿಯಾ ಶೋಕದ ಆಭರಣವಾಗಿ ಜೆಟ್ ತೊಟ್ಟ ಮೇಲೆ ಅದಕ್ಕೆ ಬೇಡಿಕೆ ಏರಿತು. ನಿಜವಾದ ಜೆಟ್ ಕೈಗೆ ಹಗುರ, ಗಾಜಿನಷ್ಟು ತಣ್ಣಗಿರುವುದಿಲ್ಲ.

ಗ್ರೇಪ್ ಲೇನಿನಲ್ಲಿ ಒಂದು ಹಳೆಯ ಮನೆಯಿದೆ. ಹಡಗಿನ ಒಡೆಯ ಜಾನ್ ವಾಕರನ ಆ ಮನೆಗೆ 1746ರಲ್ಲಿ ಕೆಲಸ ಕಲಿಯಲು ಬಂದ ಹುಡುಗನೇ ಮುಂದೆ ಕ್ಯಾಪ್ಟನ್ ಕುಕ್ ಎನಿಸಿದ. ಅವನು ಪೆಸಿಫಿಕ್ ಸಾಗರಕ್ಕೆ ಒಯ್ದ ಎಂಡೆವರ್ ಹಡಗು ವಿಟ್ಬಿಯಲ್ಲಿ 1764ರಲ್ಲಿ ಕಲ್ಲಿದ್ದಲು ಸಾಗಿಸಲೆಂದು ಕಟ್ಟಿದ್ದು. ಇಳಿತದಲ್ಲಿ ನೀರು ಹೋದಾಗ ಉರುಳದೆ ಕೆಸರಿನ ಮೇಲೆ ನೆಟ್ಟಗೆ ಕೂರಲೆಂದು ಇಲ್ಲಿಯ ಹಡಗುಗಳ ತಳವನ್ನು ಚಪ್ಪಟೆಯಾಗಿ ಕಟ್ಟುತ್ತಿದ್ದರು. 1770ರಲ್ಲಿ ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಬಡಿದು ತಳ ಒಡೆದಾಗ, ಅದನ್ನು ನದಿಯ ದಂಡೆಗೆ ಹತ್ತಿಸಿ ದುರಸ್ತಿ ಮಾಡಲು ನೆರವಾದದ್ದು ಆ ಚಪ್ಪಟೆ ತಳವೇ.

ಮೂರನೆಯ ದಿನಕ್ಕೆ ವಿಟ್ಬಿಯಿಂದ ದಕ್ಷಿಣಕ್ಕಿರುವ ರಾಬಿನ್ ಹುಡ್ಸ್ ಬೇ. ಕಾರು ಮೇಲೆಯೇ ನಿಲ್ಲಬೇಕು. ಅಲ್ಲಿಂದ ಕಡಲಿಗೆ ಇಳಿಯುವ ಬೀದಿ ಬಹಳ ಕಡಿದು. ಮೊದಲೇ ಹೇಳಿಬಿಡುತ್ತೇನೆ: ಇಳಿಯುವುದಕ್ಕಿಂತ ಮರಳಿ ಹತ್ತುವುದು ನಿಮಗೆ ಕಷ್ಟವಾದೀತು, ಕೋಲು ಹಿಡಿದು, ನಡುನಡುವೆ ಕುಳಿತು ಹೋಗಬೇಕು. ಆದರೂ ಬಿಡಬೇಡಿ ಎನ್ನುತ್ತೇನೆ, ಏಕೆಂದರೆ ಇಳಿತದ ಹೊತ್ತಿಗೆ ಅಲ್ಲಿ ಹೊರಬೀಳುವ ಬಾಗಿದ ಬಂಡೆಯ ಸಾಲುಗಳ ನಡುವೆ ನೂರಾರು ನೀರಿನ ಹೊಂಡಗಳು ಉಳಿಯುತ್ತವೆ. ಒಂದರ ಪಕ್ಕದಲ್ಲಿ ಅಲುಗಾಡದೆ ಕುಳಿತರೆ ಸತ್ತ ಶಂಖುವಿನ ಚಿಪ್ಪನ್ನು ಮನೆ ಮಾಡಿಕೊಂಡ ಸನ್ಯಾಸಿ ಏಡಿ, ಹೂವಿನಂತೆ ಅರಳಿದ ಅನೆಮನಿ ಎಂಬ ಕೆಂಪು ಕಡಲಜೀವಿ, ಕಲ್ಲಿಗೆ ಟೋಪಿಯಂತೆ ಅಂಟಿಕೊಂಡ ಚಿಪ್ಪಿನ ಜೀವಿಗಳು ಒಂದೊಂದಾಗಿ ಕಾಣತೊಡಗುತ್ತವೆ. ಕಲ್ಲು ಎತ್ತಿದರೆ ಮೆಲ್ಲಗೆ ಮೊದಲಿನಂತೆಯೇ ಇಡಬೇಕು. ಇಳಿತದ ಹೊತ್ತಿಗೆ ಒಂದು ಗಂಟೆ ಮೊದಲು ಇಳಿದು, ನೀರು ತಿರುಗಿದ ಕೂಡಲೇ ಮರಳಲು ಹೊರಡಿ. ಕೊಲ್ಲಿಯ ಗುಂಟ ದೂರ ನಡೆದವರ ಹಿಂದೆ ನೀರು ದಂಡೆಗೆ ತಾಗಿ ದಾರಿ ಮುಚ್ಚುತ್ತದೆ. ಹಾಗೆ ಸಿಕ್ಕಿಕೊಂಡವರನ್ನು ಕರೆತರಲು ರಕ್ಷಣಾ ದೋಣಿಗಳು ಬರಬೇಕಾಗುತ್ತದೆ. ತುರ್ತಿಗೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಎಂದು ಕೇಳಬೇಕು. ಅಳಿಯ ಈಜಲೇಬೇಕೆಂದರೆ ಕೆಂಪು ಮತ್ತು ಹಳದಿ ಬಾವುಟಗಳ ನಡುವೆ ಮಾತ್ರ. ಬರಿಯ ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಲೇಬಾರದು.

ಊಟದ ಬಗ್ಗೆ ಎಚ್ಚರಿಕೆಯ ಮಾತೊಂದಿದೆ. ಆ ತೀರದ ಪ್ರಸಿದ್ಧ ತಿಂಡಿ ಹುರಿದ ಮೀನು ಮತ್ತು ಆಲೂಗಡ್ಡೆಯ ದಪ್ಪ ಚಿಪ್ಸ್. ಮೀನು ಬಿಟ್ಟು ಚಿಪ್ಸ್ ಮಾತ್ರ ಕೊಂಡರೆ ಸಾಕೆಂದು ನಮ್ಮವರು ಅಂದುಕೊಳ್ಳುತ್ತಾರೆ. ಆದರೆ ಯಾರ್ಕ್‌ಶೈರ್‌ನಲ್ಲಿ ಚಿಪ್ಸ್ ಅನ್ನು ದನದ ಕೊಬ್ಬಿನಲ್ಲಿ ಕರಿಯುವುದೇ ಹಳೆಯ ರೂಢಿ, ಬಹಳ ಅಂಗಡಿಗಳು ಇಂದಿಗೂ ಅದನ್ನೇ ಹೆಮ್ಮೆಯಿಂದ ಪಾಲಿಸುತ್ತವೆ. ಸಸ್ಯದ ಎಣ್ಣೆಯೇ, ಮೀನು ಕರಿದ ಬಾಣಲೆಯೇ ಎಂದು ಎರಡೂ ಪ್ರಶ್ನೆ ಕೇಳಿಯೇ ಕೊಳ್ಳಿ. ಕೇಳುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಚಹಾದಂಗಡಿಯ ಸ್ಕೋನ್ ಎಂಬ ಬನ್ನಿನಂಥ ತಿನಿಸು, ಕೆನೆ, ಜಾಮ್ ಚೆನ್ನಾಗಿರುತ್ತವೆ, ಮೊಟ್ಟೆಯ ವಿಷಯ ಮಾತ್ರ ವಿಚಾರಿಸಿಕೊಳ್ಳಬೇಕು. ಮಗಳ ಮನೆಯಿಂದ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗುವುದೇ ಎಲ್ಲಕ್ಕಿಂತ ನೆಮ್ಮದಿ. ಬಯಲಲ್ಲಿ ಬಿಚ್ಚುವಾಗ ಬೆನ್ನಿಗೆ ಗೋಡೆಯಿರಲಿ: ಅಲ್ಲಿಯ ದೊಡ್ಡ ಕಡಲಹಕ್ಕಿಗಳು ಕೈಯಿಂದಲೇ ತುತ್ತು ಕಸಿಯುತ್ತವೆ.

ಬಿಸಿಲಿನ ದಿನವೂ ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ, ಜಾರದ ಬೂಟು ಬೇಕು. ಬೆಚ್ಚನೆಯ ಗಾಳಿ ತಣ್ಣನೆಯ ನೀರಿನ ಮೇಲೆ ಹಾದಾಗ ದಟ್ಟ ಮಂಜು ಏಳುತ್ತದೆ. ಊರವರು ಅದನ್ನು ಫ್ರೆಟ್ ಎನ್ನುತ್ತಾರೆ. ಹಾಗಾದ ದಿನ ತೀರ ಬಿಟ್ಟು ಎರಡು ಮೈಲಿ ಒಳಗೆ ಹೋದರೆ ಬಿಸಿಲಿರುವುದೂ ಉಂಟು.

ಊರುಗಳ ಕ್ರಮವನ್ನು ವೇಳಾಪಟ್ಟಿ ನೋಡಿ ಅದಲು ಬದಲು ಮಾಡಿಕೊಳ್ಳಬಹುದು. ನಡುಹಗಲಿನಲ್ಲಿ ಇಳಿತ ಬರುವ ದಿನವನ್ನು ರಾಬಿನ್ ಹುಡ್ಸ್ ಬೇಗೆ ಇಡಿ. ಸಂಜೆಗೆ ಉಬ್ಬರ ಬೀಳುವ ದಿನ ವಿಟ್ಬಿಯಲ್ಲಿರಿ. ಆಗಸ್ಟ್‌ನಲ್ಲಿ ಎಂಟು ಗಂಟೆಯವರೆಗೂ ಬೆಳಕಿರುತ್ತದೆ, ಮತ್ತು ಕಾರು ಹೋಗುವ ಪಶ್ಚಿಮ ದಿಬ್ಬದ ಮೇಲೆ, ತಿಮಿಂಗಿಲದ ದವಡೆಯ ಮೂಳೆಗಳಿಂದ ಮಾಡಿದ ಕಮಾನಿನ ಹತ್ತಿರ ಬೆಂಚುಗಳಿವೆ. ಮಧ್ಯಾಹ್ನ ಬಂದರಿನ ಮೇಲ್ತುದಿಯ ಕೆಸರಿನಲ್ಲಿ ಕುಳಿತಿದ್ದ ದೋಣಿಗಳು ಆ ಹೊತ್ತಿಗೆ ಒಂದೊಂದಾಗಿ ಎದ್ದು ತೇಲುತ್ತಿರುತ್ತವೆ.